ಸಮುದಾಯ ಭವನದ ದುಡ್ಡು ಎಲ್ಲಿ ಸಿಗುತ್ತದೆ, ಎಲ್ಲಿ ಸಿಕ್ಕಿಬೀಳುತ್ತದೆ?

ಕರ್ನಾಟಕದ ಪಟ್ಟಣ ಪಂಚಾಯಿತಿಯೊಂದು ತನ್ನ ಆಸ್ತಿ ತೆರಿಗೆಯಿಂದಲೇ ಸಮುದಾಯ ಭವನ ಕಟ್ಟುವುದು ಬಹುತೇಕ ಆಗದ ಮಾತು. 1979ರವರೆಗೆ ಊರಿನ ಸ್ಥಳೀಯ ಸಂಸ್ಥೆಗೆ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ ಸುಂಕ) ನಾಕಾಗಳಿಂದ ನಿತ್ಯ ನಗದು ಬರುತ್ತಿತ್ತು. ಅದು ರದ್ದಾದ ಮೇಲೆ ರಾಜ್ಯದ ಅನುದಾನಕ್ಕೆ ಕೈಚಾಚುವುದು ಶುರುವಾಯಿತು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ರಾಜ್ಯ ಹಣಕಾಸು ಆಯೋಗ ನಗರ ಸ್ಥಳೀಯ ಸಂಸ್ಥೆಗಳ ಹಣಕಾಸನ್ನೂ ಪರಿಶೀಲಿಸಿ ಅವುಗಳ ಪಾಲು ಶಿಫಾರಸು ಮಾಡುವುದನ್ನು ಕಡ್ಡಾಯ ಮಾಡಿತು. ಆದರೂ ಹಾಗೆ ಬರುವ ದುಡ್ಡಿನ ಬಹುಪಾಲು ಸಂಬಳ, ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಸಣ್ಣ ಪಟ್ಟಣಗಳ ಅನುದಾನದಲ್ಲಿ ಶೇ. 60ನ್ನು ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿತು.

ಹಾಗಾಗಿ ಭವನಕ್ಕೆ ನೇರವಾಗಿ ಉಳಿಯುವುದು ಮುಖ್ಯವಾಗಿ ಜನಪ್ರತಿನಿಧಿಗಳ ನಿಧಿ. 1993ರ ಡಿಸೆಂಬರಿನಲ್ಲಿ ಘೋಷಣೆಯಾದ ಸಂಸದರ ನಿಧಿ 2011-12ರಿಂದ ವರ್ಷಕ್ಕೆ 5 ಕೋಟಿ ರೂಪಾಯಿ. ನಮ್ಮಲ್ಲಿ ಲೋಕಸಭಾ ಕ್ಷೇತ್ರವೊಂದಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು. ಸಮನಾಗಿ ಹಂಚಿದರೆ ಒಂದಕ್ಕೆ ಸಿಗುವುದು 62.5 ಲಕ್ಷ. ಅದರಲ್ಲಿ ನಿಮ್ಮ ಊರಿನ ಪಾಲೆಷ್ಟು ಎಂದು ಲೆಕ್ಕ ಹಾಕಿಯೇ ಮನವಿ ಬರೆಯಬೇಕು.

ಸಂಸದರು ಶಿಫಾರಸು ಪತ್ರ ಕೊಟ್ಟ ಮಾತ್ರಕ್ಕೆ ಹಣ ಬಂದಂತಲ್ಲ. ಪತ್ರ ಜಿಲ್ಲಾಡಳಿತಕ್ಕೆ ಹೋಗಿ, ಸ್ಥಳ ಪರಿಶೀಲನೆ, ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್ ಎಲ್ಲ ಆಗಬೇಕು. ಹೆಚ್ಚಿನ ಮನವಿಗಳು ಮುಗ್ಗರಿಸುವುದು ಜಾಗದ ದಾಖಲೆಯಲ್ಲಿ. ಪಟ್ಟಣ ಪಂಚಾಯಿತಿ ಬೇಲಿ ಹಾಕಿಸಿ, ಬೋರ್ಡ್ ನೆಟ್ಟಿರುತ್ತದೆ. ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ನೋಡಿದರೆ ಇನ್ನೂ ಸರ್ಕಾರಿ ಗೋಮಾಳ. ಮೊದಲು ತಹಶೀಲ್ದಾರರ ಮೂಲಕ ಜಾಗವನ್ನು ಸ್ಥಳೀಯ ಸಂಸ್ಥೆಗೆ ಮಂಜೂರು ಮಾಡಿಸಿ, ಗಡಿ ಗುರುತಿಸಿದ ಸರ್ವೆ ನಕ್ಷೆ ತೆಗೆದುಕೊಳ್ಳಿ. ಶಾಸಕರ, ಸಂಸದರ ಬಾಗಿಲಿಗೆ ಹೋಗುವುದು ಆಮೇಲೆ.

ಇನ್ನೊಂದು ದೊಡ್ಡ ತಪ್ಪು, ಸಿಕ್ಕಿದ 10 ಲಕ್ಷಕ್ಕೆ ಪಾಯ ತೆಗೆದುಬಿಡುವುದು. ಮುಂದಿನ ಕಂತು ಬರುವಷ್ಟರಲ್ಲಿ ದರಪಟ್ಟಿ ಬದಲಾಗುತ್ತದೆ, ಕೆಲವೊಮ್ಮೆ ಶಾಸಕರೇ ಬದಲಾಗಿರುತ್ತಾರೆ, ಕಂಬಗಳಿಂದ ಮೇಲೆದ್ದ ಸರಳು ತುಕ್ಕು ಹಿಡಿಯುತ್ತದೆ. ಇಂಥ ಕಟ್ಟಡ ನೋಡಿದರೆ ಹೊಟ್ಟೆ ಉರಿಯುತ್ತದೆ, ಅದು ಊರಿನದೇ ದುಡ್ಡು. ಪೂರ್ತಿ ನಕ್ಷೆ ಒಂದೇ ಇರಲಿ, ಅಂದಾಜು ಮಾತ್ರ ಬಳಕೆಗೆ ಬರುವ ಹಂತಗಳಲ್ಲಿರಲಿ. ಚಾವಣಿ ಸಮೇತ ಸಣ್ಣ ಸಭಾಂಗಣ ಮೊದಲು. ಅಡುಗೆಮನೆ, ಕಾಂಪೌಂಡ್ ನಂತರ. ಸಾರ್ವಜನಿಕ ಶೌಚಾಲಯ, ಮಳೆನೀರು ಸಂಗ್ರಹವನ್ನು ನೈರ್ಮಲ್ಯದ ಅನುದಾನದ ಕ್ರಿಯಾ ಯೋಜನೆಗೆ ಪ್ರತ್ಯೇಕವಾಗಿ ಸೇರಿಸಲು ಮುಖ್ಯಾಧಿಕಾರಿಯನ್ನು ಕೇಳಿ.

ವಿದ್ಯುತ್ ಬಿಲ್ ಯಾರು ಕಟ್ಟಬೇಕು, ಮದುವೆಗೆ ಬಾಡಿಗೆ ಎಷ್ಟು ಎಂಬುದನ್ನೂ ಭವನಕ್ಕೆ ಒಪ್ಪಿಗೆ ಕೊಡುವ ಸಾಮಾನ್ಯ ಸಭೆಯ ಠರಾವಿನಲ್ಲೇ ಬರೆಸಿಬಿಡಿ.