ಫ್ಯೂಚುರಾ ತಲೆಬರಹಕ್ಕೆ ಒಪ್ಪುತ್ತದೆ, ಲೇಖನಕ್ಕೆ ಯಾಕೆ ಒಗ್ಗುವುದಿಲ್ಲ?

ಓದುಗರ ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆಯ ಇಂಗ್ಲಿಷ್ ಭಾಗಕ್ಕೆ ಪೂರ್ತಿ ಫ್ಯೂಚುರಾ ಫಾಂಟ್ ಹಾಕಿದ್ದೇವೆ. ಮುಖಪುಟ ಲಕ್ಷಣವಾಗಿದೆ. ಒಳಗಿನ ಲೇಖನ ಓದಲು ಮಾತ್ರ ಕಷ್ಟ ಅನ್ನುತ್ತಾರೆ. ಏನು ಕಾರಣ?

ಕಾರಣ ಆ ಅಕ್ಷರಗಳ ಕಟ್ಟಡದಲ್ಲೇ ಇದೆ. ಜರ್ಮನಿಯ ಪಾಲ್ ರೆನ್ನರ್ ವಿನ್ಯಾಸ ಮಾಡಿದ ಫ್ಯೂಚುರಾವನ್ನು ಫ್ರಾಂಕ್‌ಫರ್ಟಿನ ಬೌವರ್ ಅಚ್ಚುಮೊಳೆ ಕಾರ್ಖಾನೆ 1927ರಲ್ಲಿ ಹೊರತಂದಿತು. ವೃತ್ತ, ತ್ರಿಕೋನ, ನೇರ ಗೆರೆ: ಇಷ್ಟರಲ್ಲೇ ಅಕ್ಷರಮಾಲೆ ಮುಗಿಯಬೇಕು ಎಂಬ ಹಟ ಅದರಲ್ಲಿ ಎದ್ದು ಕಾಣುತ್ತದೆ.

ಕ್ಯಾಪಿಟಲ್ 'ಎ' ದೊಡ್ಡದು ಮಾಡಿ ನೋಡಿ. ಅದರ ಚೂಪು ತುದಿ ಪಕ್ಕದ 'ಎಚ್'ಗಿಂತ ಒಂದು ಕೂದಲೆಳೆ ಮೇಲೆ ಚಾಚಿರುತ್ತದೆ. ಸರಿಸಮ ಎತ್ತರಕ್ಕೆ ನಿಲ್ಲಿಸಿದ್ದರೆ ಕಣ್ಣಿಗೆ ಕುಳ್ಳಗೆ ಕಾಣುತ್ತಿತ್ತು. ಸ್ಮಾಲ್ 'ಬಿ'ಯ ಹೊಟ್ಟೆ ಕಂಬಕ್ಕೆ ಸೇರುವಲ್ಲಿ ಗೆರೆ ಸಣ್ಣಗಾಗುತ್ತದೆ, ಇಲ್ಲದಿದ್ದರೆ ಅಲ್ಲಿ ಮಸಿ ಕಟ್ಟಿದ ಹಾಗಿರುತ್ತಿತ್ತು. ಬರೀ ಕೈವಾರ, ಸ್ಕೇಲು ಹಿಡಿದು ಗೀಚಿದ್ದಲ್ಲ ಇದು. ರೆನ್ನರ್ ಬಗ್ಗೆ ನನಗೆ ಗೌರವ ಹುಟ್ಟುವುದೇ ಇಲ್ಲಿ.

ಕ್ಯಾಪಿಟಲ್ ಅಕ್ಷರಗಳ ಅಗಲ ಹಳೆಯ ರೋಮನ್ ಶಾಸನಗಳ ಲೆಕ್ಕದ್ದು. 'ಓ' ತುಂಬು ವೃತ್ತ, 'ಈ', 'ಎಸ್' ಅದರ ಅರ್ಧದಷ್ಟು. ಹಾಗಾಗಿ ನಾಲ್ಕು ಪದ ಬರೆದರೂ ಸಾಲಿಗೊಂದು ಲಯ ಬರುತ್ತದೆ. 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಬಿಟ್ಟುಬಂದ ಫಲಕದಲ್ಲಿರುವುದು ಇದೇ ಫ್ಯೂಚುರಾ, ಅದೂ ಎಲ್ಲ ಕ್ಯಾಪಿಟಲ್‌ನಲ್ಲಿ. ಫೋಕ್ಸ್‌ವ್ಯಾಗನ್ ಜಾಹೀರಾತುಗಳಲ್ಲಿ ದಶಕಗಟ್ಟಲೆ ಕಂಡದ್ದೂ ಇದೇ.

ತೊಂದರೆ ಶುರುವಾಗುವುದು ಸ್ಮಾಲ್ ಅಕ್ಷರಗಳಲ್ಲಿ. 'ಎ' ಅಂದರೆ ಒಂದು ಸೊನ್ನೆ, ಒಂದು ಕಡ್ಡಿ. 'ಡಿ', 'ಕ್ಯೂ' ಕೂಡ ಹಾಗೇ, ಕಡ್ಡಿಯ ಉದ್ದ ಮಾತ್ರ ಬೇರೆ. 'ಜೆ'ಗೆ ಕೊಕ್ಕೆ ಇಲ್ಲ, 'ಟಿ' ಬರೀ ಶಿಲುಬೆ. ನಾವು ಓದುವಾಗ ಅಕ್ಷರಗಳ ನಡುವಿನ ವ್ಯತ್ಯಾಸ ಹಿಡಿದೇ ಮುಂದೆ ಸಾಗುತ್ತೇವೆ, ಫ್ಯೂಚುರಾ ಆ ವ್ಯತ್ಯಾಸವನ್ನೇ ಸವೆಸಿಬಿಟ್ಟಿದೆ. ಸಾಲದ್ದಕ್ಕೆ ಕಂಬಗಳು ಎತ್ತರ, ಹೊಟ್ಟೆ ಚಿಕ್ಕದು. 10 ಪಾಯಿಂಟಿನಲ್ಲಿ ಹಾಕಿದ್ದು ಅದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಇಮೇಲ್ ವಿಳಾಸವನ್ನಂತೂ ಇದರಲ್ಲಿ ಹಾಕಲೇಬೇಡಿ: ಕ್ಯಾಪಿಟಲ್ 'ಐ', ಸ್ಮಾಲ್ 'ಎಲ್' ಎರಡೂ ಬರೀ ನೆಟ್ಟಗಿನ ಗೀಟು.

ನಿಮ್ಮ ಸಂಚಿಕೆಯಲ್ಲಿ ತಲೆಬರಹ, ಲೇಖಕರ ಹೆಸರು ಫ್ಯೂಚುರಾದಲ್ಲೇ ಇರಲಿ; ಕ್ಯಾಪಿಟಲ್ ಆದರೆ ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಡಿ. ಲೇಖನಕ್ಕೆ ಗ್ಯಾರಮಂಡ್‌ನಂಥ ಸೆರಿಫ್ ಫಾಂಟ್, ಅಂದರೆ ಗೆರೆಗಳ ತುದಿಯಲ್ಲಿ ಸಣ್ಣ ಚಾಚು ಇರುವಂಥದ್ದು, ಹಾಕಿ. ಪಕ್ಕದಲ್ಲೇ ಕನ್ನಡ ತಲೆಬರಹವೂ ಇದ್ದರೆ ಪಾಯಿಂಟ್ ಸೈಜ್ ಹೊಂದಿಸಲು ಹೋಗಬೇಡಿ, ಗೆರೆಯ ದಪ್ಪ ಹೊಂದಿಸಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಷ್ಟು ಅಂತರ ಬಿಟ್ಟು, ಒಂದು ಪುಟ ಪ್ರಿಂಟ್ ತೆಗೆದು ನೋಡಿಯೇ ಪ್ರೆಸ್ಸಿಗೆ ಕಳಿಸಿ.