ಕಲ್ಲಿದ್ದಲಿನಿಂದ ಡೀಸೆಲ್: ವೇಗವರ್ಧಕಕ್ಕಿಂತ ಮೊದಲಿನ ಮಾತು

ಕಲ್ಲಿದ್ದಲಿನಿಂದ ಡೀಸೆಲ್ ತೆಗೆಯುವ ಮಾತು ಬಂದಾಗಲೆಲ್ಲ ಚರ್ಚೆ ವೇಗವರ್ಧಕದ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿನ, ಸುತ್ತಲೇ ಸುತ್ತುತ್ತದೆ. ಆದರೆ ಇಂಥ ಸ್ಥಾವರದ ಬಂಡವಾಳದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗುವುದು ಆ ವೇಗವರ್ಧಕಕ್ಕೆ ಒಗ್ಗುವ ಅನಿಲವನ್ನು ಸಿದ್ಧಪಡಿಸುವುದರಲ್ಲಿ.

1920ರ ದಶಕದಲ್ಲಿ ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಫ್ರಾನ್ಸ್ ಫಿಷರ್ ಮತ್ತು ಹಾನ್ಸ್ ಟ್ರಾಪ್ಶ್ ರೂಪಿಸಿದ ವಿಧಾನ ಹೇಳುವುದಕ್ಕೆ ಸರಳ. ಕಲ್ಲಿದ್ದಲನ್ನು ಹಬೆ ಮತ್ತು ಮಿತವಾದ ಆಮ್ಲಜನಕದೊಡನೆ ಕಾಯಿಸಿದಾಗ ಸಿಗುವ ಕಾರ್ಬನ್ ಮಾನಾಕ್ಸೈಡ್ ಹಾಗೂ ಜಲಜನಕದ ಮಿಶ್ರಣವನ್ನು ಕಬ್ಬಿಣ ಅಥವಾ ಕೋಬಾಲ್ಟ್ ವೇಗವರ್ಧಕದ ಮೇಲೆ ಹಾಯಿಸಿದರೆ, ಇಂಗಾಲದ ಪರಮಾಣುಗಳು ಒಂದಕ್ಕೊಂದು ಸೇರಿ ಡೀಸೆಲ್, ಮೇಣಗಳಲ್ಲಿರುವಂಥ ಸರಪಳಿಯಾಗಿ ಬೆಳೆಯುತ್ತವೆ. ತೊಡಕೆಂದರೆ, ಅನಿಲದೊಂದಿಗೆ ಗಂಧಕವೂ ಬರುತ್ತದೆ, ಮತ್ತು ಒಮ್ಮೆ ವೇಗವರ್ಧಕದ ಲೋಹದ ಮೇಲ್ಮೈಗೆ ಅಂಟಿದ ಗಂಧಕ ಸುಲಭಕ್ಕೆ ಬಿಡುವುದಿಲ್ಲ, ವೇಗವರ್ಧಕ ಕೆಲಸಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಸೊನ್ನೆ ಡಿಗ್ರಿಗಿಂತ ಬಹಳ ಕೆಳಗೆ ತಣಿಸಿದ ಮೆಥನಾಲ್‌ನಲ್ಲಿ ಅನಿಲವನ್ನು ತೊಳೆಯುತ್ತಾರೆ. ಜಲಜನಕದ ಕೊರತೆ ತುಂಬಲು ಮಾನಾಕ್ಸೈಡಿನ ಒಂದು ಪಾಲನ್ನು ಹಬೆಯೊಡನೆ ವರ್ತಿಸಿ ಜಲಜನಕ ಕೊಡುವಂತೆ ಮಾಡಬೇಕಾಗುತ್ತದೆ. ಇಂಗಾಲದ ಡೈಆಕ್ಸೈಡ್ ರಾಶಿರಾಶಿಯಾಗಿ ಹುಟ್ಟುವುದು ಇಲ್ಲಿಯೇ.

ಸರಪಳಿಯ ಉದ್ದವನ್ನು ನಾವು ಆಯ್ದುಕೊಳ್ಳುವಂತಿಲ್ಲ. ಪ್ರತಿ ಹಂತದಲ್ಲೂ ಅದು ಬೆಳೆಯುವ ಅಥವಾ ಕಳಚಿಕೊಳ್ಳುವ ಸಂಭವವಷ್ಟೇ ಇರುವುದರಿಂದ ಮೀಥೇನಿನಿಂದ ಮೇಣದವರೆಗೆ ಎಲ್ಲವೂ ಒಟ್ಟಿಗೇ ಹೊರಬರುತ್ತವೆ. ಡೀಸೆಲ್ ಬೇಕಾದವರು 220–240 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಬೇಕೆಂದೇ ಮೇಣವನ್ನು ಹೆಚ್ಚಿಸಿ, ಆಮೇಲೆ ಅದನ್ನು ಜಲಜನಕದೊಡನೆ ಡೀಸೆಲ್‌ನಷ್ಟು ಉದ್ದದ ಸರಪಳಿಗಳಾಗಿ ಒಡೆಯುತ್ತಾರೆ. ಬಿಸಿಯಾಗಿದ್ದಾಗ ನೀರಿನಂತೆ ತಿಳಿಯಾಗಿ ಹರಿಯುವ ಆ ಮೇಣ ಮಾದರಿ ಬಾಟಲಿಯಲ್ಲಿ ಆರುತ್ತಿದ್ದಂತೆ ಅಂಚಿನಿಂದ ಬೆಳ್ಳಗೆ ಗಟ್ಟಿಯಾಗುತ್ತ ಬರುತ್ತದೆ. ಕ್ರಿಯೆ ಉಗುಳುವ ಶಾಖವನ್ನು ಕ್ಷಣಕ್ಷಣವೂ ಹೊರತೆಗೆಯದಿದ್ದರೆ ಮೇಣದ ಬದಲು ಮೀಥೇನ್ ಸಿಗುತ್ತದೆ, ವೇಗವರ್ಧಕವೂ ಹಾಳಾಗುತ್ತದೆ.

ದಕ್ಷಿಣ ಆಫ್ರಿಕಾದ ಸಾಸೋಲ್ ಸಂಸ್ಥೆ 1955ರಲ್ಲಿ ಸಾಸೋಲ್‌ಬರ್ಗ್‌ನಲ್ಲಿ ಉತ್ಪಾದನೆ ಆರಂಭಿಸಿ, 1980ರ ದಶಕದ ಹೊತ್ತಿಗೆ ಸೆಕುಂಡಾದಲ್ಲಿ ಬೃಹತ್ತಾಗಿ ಬೆಳೆಯಿತು. ಪಕ್ಕದಲ್ಲೇ ಗಣಿ, ನೆಲದಲ್ಲಿ ಕಚ್ಚಾತೈಲದ ಅಭಾವ, ಮೇಲೆ ತೈಲ ನಿರ್ಬಂಧ: ಇವು ಕೂಡಿದ್ದರಿಂದಲೇ ಅದು ನಿಂತಿತು. ಸೆಕುಂಡಾ ಇಂದು ಜಗತ್ತಿನಲ್ಲೇ ಒಂದೇ ತಾಣದಿಂದ ಅತಿ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುವ ಸ್ಥಾವರಗಳಲ್ಲಿ ಒಂದೆಂಬುದನ್ನೂ ಮರೆಯುವಂತಿಲ್ಲ.

ಭಾರತದ ಕಲ್ಲಿದ್ದಲಿನಲ್ಲಿ ಬೂದಿಯೇ ಸಾಮಾನ್ಯವಾಗಿ ಶೇಕಡಾ 35ರಿಂದ 45ರಷ್ಟು, ಅದೂ ಸುಲಭವಾಗಿ ಕರಗದ ಬೂದಿ. ಬೂದಿಯನ್ನು ಕರಗಿಸಿ ಹರಿಯಬಿಡುವ ಅನಿಲೀಕಾರಕಗಳು (ಕಲ್ಲಿದ್ದಲನ್ನು ಅನಿಲವಾಗಿಸುವ ಕುಲುಮೆಗಳು) ಇದಕ್ಕೆ ಹೊಂದುವುದಿಲ್ಲ. ಹೈದರಾಬಾದಿನಲ್ಲಿ ಸರ್ಕಾರಿ ಸ್ವಾಮ್ಯದ ಬಿಎಚ್ಇಎಲ್ ಇಂಥ ಕಲ್ಲಿದ್ದಲನ್ನೇ ಹಿಡಿದು, ಪುಡಿಯನ್ನು ಕೆಳಗಿನಿಂದ ಊದುವ ಅನಿಲದಲ್ಲಿ ತೇಲಿಸುವ ತೇಲುಹಾಸಿನ ವಿಧಾನದಲ್ಲಿ ದಿನಕ್ಕೆ 0.25 ಟನ್ ಮೆಥನಾಲ್ ಮಾಡುವ ಪ್ರಾಯೋಗಿಕ ಘಟಕ ನಡೆಸಿದೆ. ಅಂಥದೇ ಅನಿಲವನ್ನು ತಾಮ್ರ-ಸತುವಿನ ವೇಗವರ್ಧಕದ ಮೇಲೆ ಹಾಯಿಸಿದರೆ ಬಹುಪಾಲು ಮೆಥನಾಲ್ ಒಂದೇ ಸಿಗುವುದರಿಂದ, ಡೀಸೆಲ್‌ಗಿಂತ ಮೊದಲು ಮೆಥನಾಲ್‌ಗೆ ಕೈಹಾಕಿದ್ದು ಸರಿಯೆಂದೇ ನನ್ನ ಅಭಿಪ್ರಾಯ.