‘ಕ್ಲಿಯರೆನ್ಸ್ ಬರುವ ತನಕ ಒಳಗೇ’: 2001ರ ಬಂಧನಗಳನ್ನು ಓದುವ ಬಗೆ

ಮಂಗಳೂರು, ಉಡುಪಿ ಕಡೆಯ ಕಾನೂನು ವಿದ್ಯಾರ್ಥಿಗಳಿಗೆ ಈ ಪಾಠದ ಅರ್ಧ ಮನೆಯಲ್ಲೇ ಗೊತ್ತಿರುತ್ತದೆ. ಗಲ್ಫ್‌ನಲ್ಲಿ ಅಣ್ಣನೋ ಮಾವನೋ ದುಡಿಯುವ ಮನೆಯಲ್ಲಿ, ಇಕಾಮಾ (ಅಲ್ಲಿ ವಾಸಿಸುವ ಪರವಾನಗಿ) ಮುಗಿದರೆ ದಂಡ ಕಟ್ಟಬೇಕು ಇಲ್ಲವೇ ಊರಿಗೆ ಬರಬೇಕು ಎಂಬುದು ಮಕ್ಕಳಿಗೂ ತಿಳಿದಿದೆ. ಅದು ಕಾಗದದ ತಪ್ಪು. ಅದೇ ತಪ್ಪು ಭಯೋತ್ಪಾದನೆಯ ಶಂಕೆಯಾಗಿ ಬದಲಾದರೆ ಏನಾಗುತ್ತದೆ ಎಂಬುದನ್ನು 2001ರಲ್ಲಿ ಅಮೆರಿಕದಲ್ಲಾದ ಬಂಧನಗಳಲ್ಲಿ ನೋಡಬೇಕು.

ಸೆಪ್ಟೆಂಬರ್ 11ರ ದಾಳಿಯ ತನಿಖೆಯಲ್ಲಿ ಅಮೆರಿಕ ವಲಸೆ ಕಾನೂನಿನಡಿ 762 ವಿದೇಶೀಯರನ್ನು ಹಿಡಿದಿಟ್ಟಿತು. ಮೂರರಲ್ಲಿ ಒಂದು ಪಾಲು ಪಾಕಿಸ್ತಾನದವರು. ಓದಬೇಕಾದ ಮುಖ್ಯ ದಾಖಲೆ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ (ಪೊಲೀಸ್ ಐಜಿ ಅಲ್ಲ, ಇಲಾಖೆಯ ಕೆಲಸವನ್ನೇ ಪರಿಶೀಲಿಸುವ ಅಧಿಕಾರಿ) 2003ರಲ್ಲಿ ಕೊಟ್ಟ ವರದಿ. ಸರ್ಕಾರದ ಒಳಗಿನವರೇ ಬರೆದದ್ದರಿಂದ ಅದರ ತೂಕ ಹೆಚ್ಚು. ಸಣ್ಣ ದಿನಸಿ ಅಂಗಡಿಯೊಂದರಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಮಧ್ಯಪ್ರಾಚ್ಯದ ಗಂಡಸರಿದ್ದಾರೆ ಎಂದು ಯಾರೋ ಹೇಳಿದ್ದನ್ನೂ ಸುಳಿವಾಗಿ ಹಿಡಿದದ್ದು ಅದರಲ್ಲಿದೆ.

ಈಗ ಮುಖ್ಯ ಅಂಶ. ಎಫ್‌ಬಿಐ ‘ಇವನಿಗೂ ದಾಳಿಗೂ ಸಂಬಂಧವಿಲ್ಲ’ ಎಂದು ಹೇಳುವ ತನಕ ಯಾರನ್ನೂ ಬಿಡಬಾರದು, ಬಾಂಡ್‌ ಮೇಲೂ ಬಿಡಬಾರದು ಎಂಬುದು ನೀತಿ. ಕೆಲವೇ ದಿನಗಳ ಕೆಲಸ ಎಂದುಕೊಂಡಿದ್ದರು. ಈ ‘ಕ್ಲಿಯರೆನ್ಸ್’ಗೆ ಸರಾಸರಿ 80 ದಿನ ಹಿಡಿಯಿತು. ಆರೋಪವೇನೆಂದು ತಿಳಿಸುವ ನೋಟಿಸನ್ನು 72 ಗಂಟೆಯೊಳಗೆ ಕೊಡುವ ಗುರಿಯಿದ್ದರೂ ಕೆಲವರಿಗೆ ತಿಂಗಳು ಕಳೆದರೂ ಸಿಗಲಿಲ್ಲ. ತನ್ನನ್ನು ಯಾಕೆ ಹಿಡಿದಿದ್ದಾರೆಂದೇ ತಿಳಿಯದವನು ಯಾವುದನ್ನು ಪ್ರಶ್ನಿಸಬೇಕು?

ನ್ಯೂಯಾರ್ಕಿನ ಬ್ರೂಕ್ಲಿನ್ ಬಂಧನ ಕೇಂದ್ರದಲ್ಲಿದ್ದ 84 ಮಂದಿಯ ಸ್ಥಿತಿಯನ್ನು ನಿಧಾನವಾಗಿ ಓದಿ. ದಿನಕ್ಕೆ 23 ಗಂಟೆ ಬೀಗ, ರಾತ್ರಿಯಿಡೀ ಆರದ ದೀಪ, ಹೊರಗೆ ಕರೆತಂದರೆ ಕೈಕಾಲಿಗೂ ಸೊಂಟಕ್ಕೂ ಸರಪಳಿ. ಆದರೆ ದೊಡ್ಡ ಪೆಟ್ಟು ಬಿದ್ದದ್ದು ಫೋನಿನಿಂದ. ವಲಸೆ ಪ್ರಕರಣದಲ್ಲಿ ಸರ್ಕಾರ ವಕೀಲರನ್ನು ಕೊಡುವುದಿಲ್ಲ, ತಾನೇ ಹುಡುಕಿಕೊಳ್ಳಬೇಕು. ಅದಕ್ಕೆ ವಾರಕ್ಕೊಂದು ಕರೆ. ಲೈನ್ ಬ್ಯುಸಿ ಬಂದರೂ, ವಾಯ್ಸ್‌ಮೇಲ್‌ಗೆ ಹೋದರೂ ಆ ವಾರದ ಕರೆ ಮುಗಿದ ಲೆಕ್ಕ. ಸಿಬ್ಬಂದಿ ಬಂದು ‘ಸರಿಯಾಗಿದ್ದೀಯಾ?’ ಎಂದಾಗ ಇವನು ‘ಹೂಂ’ ಎಂದರೆ, ಕರೆ ಬೇಡವೆಂದ ಹಾಗೆ ತಿಳಿದದ್ದೂ ಉಂಟು. ಕರೆಯಿಲ್ಲ, ಹಾಗಾಗಿ ವಕೀಲರಿಲ್ಲ. ವಕೀಲರಿಲ್ಲ, ಹಾಗಾಗಿ ಬಿಡುಗಡೆ ಕೇಳುವವರಿಲ್ಲ. ಉತ್ತರ ಬರೆಯುವಾಗ ಈ ಕೊಂಡಿಯನ್ನು ಬಿಡಬೇಡಿ. ಬರೀ ‘ಮಾನವ ಹಕ್ಕುಗಳ ಉಲ್ಲಂಘನೆ’ ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಹೊರಗಿದ್ದವರ ಪಾಡೂ ಇದೇ ಲೆಕ್ಕದಲ್ಲಿ ಸೇರಬೇಕು. ಇಲ್ಲಿ ಒಬ್ಬನನ್ನು ಮಂಗಳೂರಿನ ಕೊಡಿಯಾಲ್‌ಬೈಲಿನ ಜೈಲಿಗೆ ತಂದರೆ ಮನೆಯವರು ಬಟ್ಟೆಬರೆ ಹಿಡಿದು ಗೇಟಿಗೆ ಬರಬಹುದು. ಅಲ್ಲಿ ಒಳಗಿದ್ದವರ ಬಗ್ಗೆಯೇ, ಹುಡುಕಿ ಬಂದ ಮನೆಯವರಿಗೂ ವಕೀಲರಿಗೂ ‘ಇಲ್ಲಿಲ್ಲ’ ಎಂಬ ಉತ್ತರ ಸಿಕ್ಕಿತ್ತು. ಬಾಡಿಗೆ ಕಟ್ಟುವವನೇ ಕಾಣೆಯಾದ ಮನೆಯಲ್ಲಿ 80 ದಿನವೆಂದರೆ ಹತ್ತಿರ ಹತ್ತಿರ ಮೂರು ತಿಂಗಳ ಬಾಡಿಗೆ.

2002ರಲ್ಲಿ ಬಂದ ವಿಶೇಷ ನೋಂದಣಿಯನ್ನು ಇದರೊಂದಿಗೆ ಬೆರೆಸಬೇಡಿ. ಅದು 25 ದೇಶಗಳಿಗೆ ಅನ್ವಯಿಸಿತು. ಉತ್ತರ ಕೊರಿಯಾ ಬಿಟ್ಟರೆ ಬಹುತೇಕ ಎಲ್ಲವೂ ಮುಸ್ಲಿಂ ಬಹುಸಂಖ್ಯಾತ ದೇಶಗಳು. 16 ದಾಟಿದ ಗಂಡಸರು ತಾವಾಗಿಯೇ ಕಚೇರಿಗೆ ಬಂದು ಹೆಸರು ಬರೆಸಬೇಕಿತ್ತು. 80,000ಕ್ಕೂ ಹೆಚ್ಚು ಮಂದಿ ಬಂದರು, 13,000ಕ್ಕೂ ಹೆಚ್ಚು ಮಂದಿ ಗಡೀಪಾರು ಪ್ರಕ್ರಿಯೆಗೆ ಸಿಲುಕಿದರು. ಭಯೋತ್ಪಾದನೆಯ ಶಿಕ್ಷೆ ಒಬ್ಬರಿಗೂ ಆಗಲಿಲ್ಲ. ಕಾನೂನನ್ನು ನಂಬಿ ಬಂದವರೇ ಸಿಕ್ಕಿಬಿದ್ದರು ಎಂಬುದು ನಮಗೆ ಇದರಲ್ಲಿ ಕಾಣುವ ಅತಿ ದೊಡ್ಡ ನೋವು.

ನಮ್ಮ ಸಂವಿಧಾನದೊಂದಿಗೆ ಹೋಲಿಸುವಾಗ ಹೆಚ್ಚಿನವರು ಎಡವುವುದು 22ನೇ ವಿಧಿಯಲ್ಲಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದನ್ನು ಬರೆದು ನಿಲ್ಲಿಸುತ್ತಾರೆ. 22(3) ಅದನ್ನು ಶತ್ರುದೇಶದವರಿಗೂ ಮುನ್ನೆಚ್ಚರಿಕೆ ಬಂಧನಕ್ಕೂ (ಅಪರಾಧ ನಡೆಯುವ ಮೊದಲೇ, ತಡೆಯಲೆಂದು ಹಿಡಿದಿಡುವುದು) ಅನ್ವಯಿಸದಂತೆ ಮಾಡುತ್ತದೆ. ಮುನ್ನೆಚ್ಚರಿಕೆ ಬಂಧನ ಮೂರು ತಿಂಗಳು ಮೀರಬೇಕಾದರೆ ಸಲಹಾ ಮಂಡಳಿಯ ಒಪ್ಪಿಗೆ ಬೇಕೆಂದು 22(4) ಹೇಳುತ್ತದೆ. ಮೂರನ್ನೂ ಬರೆಯಿರಿ.

ಅಮೆರಿಕದಲ್ಲಿ ಹೀಗೆ ಬಂಧನದಲ್ಲಿದ್ದವರು ಪರಿಹಾರ ಕೇಳಿ 2002ರಲ್ಲೇ ಮೊಕದ್ದಮೆ ಹೂಡಿದರು. 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 4–2 ಬಹುಮತದಿಂದ, ಬಂಧನ ನೀತಿಗಾಗಿ ಉನ್ನತ ಅಧಿಕಾರಿಗಳಿಂದ ಪರಿಹಾರ ಕೇಳುವಂತಿಲ್ಲ ಎಂದಿತು. ಕೈದಿಗಳ ಮೇಲಿನ ದೌರ್ಜನ್ಯದ ವಿಷಯದಲ್ಲಿ ವಾರ್ಡನ್ ಮೇಲಿದ್ದ ಆರೋಪವನ್ನು ಮಾತ್ರ ಮರುಪರಿಶೀಲನೆಗೆ ಕೆಳಗಿನ ಕೋರ್ಟಿಗೆ ಕಳಿಸಿತು.